ವಾಹನ ಸಮಾಧಾನ: ನಿಂತಲ್ಲಿ ನಡುಗುವ ಇಂಜಿನ್, ಆರದ ಹಳದಿ ದೀಪ

ಮಳೆಗಾಲ ಮುಗಿಯುತ್ತ ಬಂದಂತೆ ಕರಾವಳಿಯ ಓದುಗರಿಂದ ಈ ಅಂಕಣಕ್ಕೆ ಒಂದೇ ಬಗೆಯ ದೂರು ಹೆಚ್ಚಾಗಿ ಬರುತ್ತದೆ. ಹಳೆಯ ಪೆಟ್ರೋಲ್ ಕಾರು ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುತ್ತಿರುವಾಗ, ನಡುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿದೆ, ಬಿಡಿಭಾಗ ಬದಲಿಸಿದರೂ ಆರುತ್ತಿಲ್ಲ. ಆದ್ದರಿಂದ ಈ ಬಾರಿಯ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರಗಳಲ್ಲಿದ್ದ ಕಂಪೆನಿ ಮತ್ತು ಗ್ಯಾರೇಜುಗಳ ಹೆಸರುಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ನನ್ನದು 2013ರ ಕೊನೆಯಲ್ಲಿ ಕೊಂಡ, 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಇದುವರೆಗೆ 86,000 ಕಿಲೋಮೀಟರ್ ಓಡಿದೆ. ಆಟಿ ತಿಂಗಳಿನಿಂದ (ಜುಲೈ–ಆಗಸ್ಟ್) ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಡೀ ಗಾಡಿ ಅದುರುತ್ತದೆ. ಬಿಸಿಯಾದ ಮೇಲೆ ಸ್ವಲ್ಪ ಸುಧಾರಿಸುತ್ತದಾದರೂ, ಕಲ್ಸಂಕದ ಸಿಗ್ನಲಿನಲ್ಲಿ ಎ.ಸಿ. ಹಾಕಿಕೊಂಡು ನಿಂತರೆ ಆರ್‌ಪಿಎಂ ಮುಳ್ಳು 500ಕ್ಕೆ ಇಳಿದು ಇಂಜಿನ್ ಬಂದ್ ಆಗುವ ಹಾಗಾಗುತ್ತದೆ. ಚೆಕ್ ಇಂಜಿನ್ ದೀಪ ಸದಾ ಉರಿಯುತ್ತಿದೆ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿದಾಗ ಪಿ0171 ಮತ್ತು ಪಿ0302 ಎಂಬ ಎರಡು ಕೋಡ್‌ಗಳು ಬಂದವು. ಆಕ್ಸಿಜನ್ ಸೆನ್ಸರ್ ಹಾಳಾಗಿದೆ ಎಂದು ಹೊಸದು ಹಾಕಿದರು. ವಾರ ಕಳೆಯುವುದರೊಳಗೆ ದೀಪ ಮತ್ತೆ ಬಂತು. ಈಗ ಇಸಿಎಂ (ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕು ಎನ್ನುತ್ತಿದ್ದಾರೆ. ಒಪ್ಪಬಹುದೇ? ಇದೆಲ್ಲ ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲಿನಿಂದ ಆಗಿದೆ ಎಂದು ನೆರೆಮನೆಯವರು ಹೇಳುವುದು ನಿಜವೇ?
ಓದುಗರು, ಅಂಬಲಪಾಡಿ, ಉಡುಪಿ

ಉತ್ತರ: ಇಸಿಎಂ ಬದಲಿಸಲು ಸದ್ಯಕ್ಕೆ ಒಪ್ಪಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಇಸಿಎಂ ಕೆಟ್ಟಿದೆ ಎಂದು ತೋರಿಸುವಂಥದ್ದು ಒಂದೂ ಇಲ್ಲ. ತೆಗೆದುಹಾಕಿದ ಹಳೆಯ ಆಕ್ಸಿಜನ್ ಸೆನ್ಸರ್ ಕೂಡ ಸರಿಯಾಗಿಯೇ ಇದ್ದಿರಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಗ್ಯಾರೇಜಿನವರಿಂದ ಕೇಳಿ ಪಡೆದು ಇಟ್ಟುಕೊಳ್ಳಿ.

ಎರಡು ಕೋಡ್‌ಗಳನ್ನು ಬೇರೆ ಬೇರೆಯಾಗಿ ಓದಿದ್ದರಿಂದ ಈ ಗೊಂದಲ ಉಂಟಾಗಿದೆ. ಪಿ0302 ಎಂದರೆ ಎರಡನೆಯ ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ, ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಮಿಸ್ಸಿಂಗ್ ಆಗುತ್ತಿದೆ ಎಂದು ಅರ್ಥ. ಪ್ರತಿ ದಹನಕ್ಕೂ ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಶಾಫ್ಟಿನ ವೇಗ ಒಂದು ಕ್ಷಣ ಏರುತ್ತದೆ. ಯಾವ ಸಿಲಿಂಡರಿನ ಸರದಿಯಲ್ಲಿ ಆ ಏರಿಕೆ ಕಾಣುವುದಿಲ್ಲವೋ ಅದನ್ನು ಇಸಿಎಂ ಗುರುತಿಟ್ಟುಕೊಳ್ಳುತ್ತದೆ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಇಸಿಎಂಗೆ ತೋರಿದೆ ಎಂದಷ್ಟೇ. ಹಾಗೆ ತೋರುವುದು ಆಕ್ಸಿಜನ್ ಸೆನ್ಸರಿನ ಮೂಲಕ, ಮತ್ತು ಆ ಸೆನ್ಸರ್ ಅಳೆಯುವುದು ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನೇ ಹೊರತು ಪೆಟ್ರೋಲನ್ನಲ್ಲ. ಎರಡನೆಯ ಸಿಲಿಂಡರಿನಲ್ಲಿ ಕಿಡಿ ಹತ್ತದೆ ಹೋದಾಗ ಅದರೊಳಗಿದ್ದ ಗಾಳಿಯೂ ಪೆಟ್ರೋಲೂ ಉರಿಯದೆ ಹಾಗೆಯೇ ಸೈಲೆನ್ಸರಿನ ಕಡೆಗೆ ಹೋಗುತ್ತವೆ. ಆ ಗಾಳಿಯ ಆಮ್ಲಜನಕ ಸೆನ್ಸರಿಗೆ ತಗಲುತ್ತದೆ. ಪೆಟ್ರೋಲ್ ಸಾಲದೆ ಆಮ್ಲಜನಕ ಉಳಿದಿದೆ ಎಂದು ಇಸಿಎಂ ತಿಳಿದು, ಸರಿಯಾಗಿಯೇ ಇರುವ ಉಳಿದ ಮೂರು ಸಿಲಿಂಡರುಗಳಿಗೂ ಸೇರಿಸಿ ಪೆಟ್ರೋಲನ್ನು ಹೆಚ್ಚಿಸುತ್ತ ಹೋಗುತ್ತದೆ. ಆ ಹೆಚ್ಚಳ ಮಿತಿಯನ್ನು ದಾಟಿದಾಗ ಪಿ0171 ದಾಖಲಾಗುತ್ತದೆ. ಸೆನ್ಸರ್ ಕಂಡದ್ದನ್ನೇ ಹೇಳಿದೆ. ಅದನ್ನು ಬದಲಿಸಿದರೆ ಹೊಸ ಸೆನ್ಸರೂ ಅದನ್ನೇ ಹೇಳುತ್ತದೆ, ಹೇಳಿದೆ. ಇತ್ತೀಚೆಗೆ ನಿಮ್ಮ ಕಾರಿನ ಮೈಲೇಜ್ ಇಳಿದಿದ್ದರೆ ಅದರ ಕಾರಣವೂ ಇದೇ ಆಗಿರಬಹುದು.

ಸೋಗೆ ಹಳದಿಗೆ ತಿರುಗಿದ ಅಡಿಕೆ ಮರವನ್ನು ಕಂಡ ಅನುಭವಿ ಕೃಷಿಕರು ಕೂಡಲೇ ಗೊಬ್ಬರ ತರಲು ಹೋಗುವುದಿಲ್ಲ, ಬುಡದಲ್ಲಿ ನೀರು ನಿಂತಿದೆಯೇ ಎಂದು ಮೊದಲು ನೋಡುತ್ತಾರೆ. ಕೋಡನ್ನೂ ಹಾಗೆಯೇ ಓದಬೇಕು. ಕೋಡಿನಲ್ಲಿ ಒಂದು ಭಾಗದ ಹೆಸರು ಬಂದ ಮಾತ್ರಕ್ಕೆ ಆ ಭಾಗ ಕೆಟ್ಟಿದೆ ಎಂದು ತಿಳಿದು ಅಂಗಡಿಗೆ ಹೋಗುವುದು ನಮ್ಮಲ್ಲಿ ಬಹಳ ಹಣವನ್ನು ನುಂಗುತ್ತಿರುವ ಅಭ್ಯಾಸ. ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಹಳೆಯ ಕಾರಿನ ಮಾಲೀಕರಲ್ಲಿ ಹೆಚ್ಚಿನವರು ಲೆಕ್ಕ ಹಾಕಿ ಖರ್ಚು ಮಾಡುವವರು.

ನಿಮ್ಮ ಕಾರಿನಲ್ಲಿ ಹಿಡಿಯಬೇಕಾದ ದಾರಿ ಎರಡನೆಯ ಸಿಲಿಂಡರಿನದು. ಆದರೆ ಒಂದು ಪಾನೆಯನ್ನೂ ಮುಟ್ಟುವ ಮೊದಲು, ಕೋಡ್ ದಾಖಲಾದ ಕ್ಷಣದಲ್ಲಿ ಇಸಿಎಂ ಉಳಿಸಿಕೊಂಡ ಫ್ರೀಜ್ ಫ್ರೇಮ್ ಎಂಬ ಮಾಹಿತಿಯನ್ನು ಸ್ಕ್ಯಾನರಿನಲ್ಲಿ ತೆರೆದು ಬರೆದುಕೊಳ್ಳಲು ಹೇಳಿ. ಆ ಹೊತ್ತಿನಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನಿನ ಉಷ್ಣತೆ ಎಷ್ಟಿತ್ತು, ಗಾಡಿ ಓಡುತ್ತಿತ್ತೋ ನಿಂತಿತ್ತೋ ಎಂಬುದೆಲ್ಲ ಅದರಲ್ಲಿರುತ್ತದೆ. ಕೋಡ್ ಅಳಿಸಿದರೂ, ಬ್ಯಾಟರಿಯ ತಂತಿ ಬಿಚ್ಚಿದರೂ ಇದು ಅಳಿದುಹೋಗುತ್ತದೆ. ದೀಪ ಆರಿಸಿ ಕೊಡುತ್ತೇವೆ ಎಂದು ಮೊದಲ ಕೆಲಸವಾಗಿ ಕೋಡ್ ಅಳಿಸುವ ಗ್ಯಾರೇಜು ತನ್ನ ಕೈಯಲ್ಲಿದ್ದ ಸಾಕ್ಷ್ಯವನ್ನು ತಾನೇ ಅಳಿಸಿದಂತಾಗುತ್ತದೆ.

ಆ ಬಳಿಕ ಬಾನೆಟ್ ಎತ್ತಿ, ಹಗಲಿನ ಬೆಳಕಿನಲ್ಲಿ, ಸಮಯ ತೆಗೆದುಕೊಂಡು ನೋಡಬೇಕು. ಕರಾವಳಿಯಲ್ಲಿ ಈ ಹಂತವನ್ನು ಹಗುರವಾಗಿ ಕಾಣಬಾರದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಮಲ್ಪೆ–ಕಾಪುವಿನ ಉಪ್ಪುಗಾಳಿ ಮನೆಯಂಗಳದವರೆಗೂ ಬರುವ ಊರು ನಮ್ಮದು. ಮಳೆಗಾಲದಲ್ಲಿ ಒಣ ಜಾಗ ಹುಡುಕಿಕೊಂಡು ಇಲಿ, ಹೆಗ್ಗಣಗಳು ಕಾರಿನ ಇಂಜಿನ್ ಮೇಲೆಯೇ ಬಂದು ಕೂರುತ್ತವೆ. ಅವು ಮೊದಲು ಕಡಿಯುವುದು ತೆಳುವಾದ ವೈರುಗಳನ್ನು ಮತ್ತು ರಬ್ಬರ್ ಹೋಸುಗಳನ್ನು. ಎರಡನೆಯ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿಗೆ ಮತ್ತು ಅಲ್ಲಿನ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ಗೆ ಹೋಗುವ ವೈರುಗಳನ್ನು ಬೆರಳಿನಿಂದ ತಡವಿ ನೋಡಿ, ಕನೆಕ್ಟರ್ ಬಿಚ್ಚಿ ಒಳಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಪರೀಕ್ಷಿಸಿ. ಪ್ಲಗ್ ಕೂರುವ ಕುಳಿಯಲ್ಲಿ ಮಳೆನೀರು ಇಳಿದಿರಬಹುದು, ಇಲ್ಲವೇ ಮೇಲಿನ ವಾಲ್ವ್ ಕವರಿನ ಪ್ಯಾಕಿಂಗ್ ಹಳತಾಗಿ ಆಯಿಲ್ ತುಂಬಿಕೊಂಡಿರಬಹುದು. ಎರಡರಲ್ಲಿ ಯಾವುದಾದರೂ ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಪಕ್ಕದ ಲೋಹಕ್ಕೆ ಜಿಗಿಯುತ್ತದೆ. ಬೆಳಿಗ್ಗೆ ತೇವವಿದ್ದಾಗ ನಡುಕ ಹೆಚ್ಚು, ಬಿಸಿಯಾದ ಮೇಲೆ ಕಡಿಮೆ ಎಂಬ ನಿಮ್ಮ ಮಾತು ಇದರತ್ತಲೇ ಬೆರಳು ತೋರಿಸುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಅದಲುಬದಲು ಪರೀಕ್ಷೆ ಮಾಡಿ. ನಿಮ್ಮ ಕಾರಿನಲ್ಲಿ ಪ್ರತಿ ಪ್ಲಗ್ಗಿಗೂ ಒಂದೊಂದು ಕಾಯಿಲ್ ಇದ್ದರೆ, ಎರಡನೆಯದನ್ನು ಮೂರನೆಯದರ ಜಾಗಕ್ಕೂ ಮೂರನೆಯದನ್ನು ಎರಡನೆಯದರ ಜಾಗಕ್ಕೂ ಹಾಕಿ, ಕೋಡ್ ಅಳಿಸಿ, ಗಾಡಿಯನ್ನು ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ ಎಂಬುದು ಒಂದು ರೂಪಾಯಿ ಖರ್ಚಿಲ್ಲದೆ ಸಿದ್ಧವಾಯಿತು. ಪಿ0302ವೇ ಮರಳಿ ಬಂದರೆ ಪ್ಲಗ್ಗುಗಳನ್ನು ಹಾಗೆಯೇ ಅದಲುಬದಲು ಮಾಡಿ. ಸಾಮಾನ್ಯವಾಗಿ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಕಡೆಯಿಂದ ಒಂದನೆಯ ಸಿಲಿಂಡರ್ ಎಂದು ಎಣಿಸುತ್ತಾರೆ. ಈ ಎಣಿಕೆ ತಪ್ಪಿದರೆ ಪರೀಕ್ಷೆಯೇ ತಪ್ಪುತ್ತದೆ. ಕೆಲವು ಕಾರುಗಳಲ್ಲಿ ಒಂದು ಕಾಯಿಲ್ ಎರಡು ಸಿಲಿಂಡರುಗಳಿಗೆ ಕಿಡಿ ಕೊಡುತ್ತದೆ. ಅಂಥಲ್ಲಿ ಕಾಯಿಲ್ ಸತ್ತರೆ ಎರಡು ಸಿಲಿಂಡರುಗಳೂ ಒಟ್ಟಿಗೆ ಮಿಸ್ ಆಗುತ್ತವೆ, ಆದ್ದರಿಂದ ಒಂದೇ ಸಿಲಿಂಡರಿನ ದೂರಿದ್ದರೆ ಕಾಯಿಲ್‌ಗಿಂತ ಮೊದಲು ಕಾಯಿಲಿನಿಂದ ಆ ಸಿಲಿಂಡರಿನ ಪ್ಲಗ್ಗಿಗೆ ಹೋಗುವ ಹೈ ಟೆನ್ಷನ್ ವೈರನ್ನು ಸಂಶಯಿಸಬೇಕು. ಬಿರುಕು ಬಿಟ್ಟ ಹೈ ಟೆನ್ಷನ್ ವೈರ್ ಇದ್ದರೆ ಕತ್ತಲೆಯಲ್ಲಿ ಬಾನೆಟ್ ತೆರೆದು ದೂರದಿಂದ ನೋಡಿದಾಗ ನೀಲಿ ಕಿಡಿ ಕಣ್ಣಿಗೆ ಬೀಳುತ್ತದೆ. ಅದನ್ನು ಕೈಯಿಂದ ಮುಟ್ಟಲೇಬಾರದು.

ಪ್ಲಗ್ ಬಿಚ್ಚಿದಾಗ, ಅದೂ ಇಂಜಿನ್ ಪೂರ್ತಿ ತಣಿದ ಮೇಲೆ, ನಾಲ್ಕನ್ನೂ ಸಾಲಾಗಿ ಒಂದು ಕಾಗದದ ಮೇಲೆ ಇಟ್ಟು ಹೋಲಿಸಿ ನೋಡಿ. ತೆಳು ಕಂದು ಬಣ್ಣ ಸರಿಯಾದದ್ದು. ಎರಡನೆಯದು ಮಾತ್ರ ಬಿಳಿಯಾಗಿದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಹೆಚ್ಚು ಬರುತ್ತಿದೆ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಎಣ್ಣೆಯ ಜಿಡ್ಡಿದ್ದರೆ ಒಳಗಿನಿಂದ ಆಯಿಲ್ ಏರುತ್ತಿದೆ. ಸಾಮಾನ್ಯ ನಿಕ್ಕಲ್ ಪ್ಲಗ್ಗುಗಳು 20,000ದಿಂದ 30,000 ಕಿಲೋಮೀಟರಿಗೆ ಸವೆಯುತ್ತವೆ. ನಿಮ್ಮದು ಎಂದು ಬದಲಾಗಿದೆ ಎಂದು ನೀವು ಬರೆದಿಲ್ಲ, ನೆನಪಿಲ್ಲವಾದರೆ ಬದಲಿಸುವುದೇ ಒಳ್ಳೆಯದು.

ಕಿಡಿಯ ಕಡೆ ತಪ್ಪಿಲ್ಲವೆಂದಾದರೆ ಗಾಳಿಯ ಸೋರಿಕೆಯನ್ನು ನೋಡಬೇಕಾಗುತ್ತದೆ. ಇಲ್ಲಿ ನಿಮ್ಮ ಕಾರಿನಲ್ಲಿ ಗಾಳಿಯನ್ನು ಅಳೆಯುವ ಕ್ರಮ ಯಾವುದು ಎಂದು ತಿಳಿಯದೆ ಮುಂದುವರಿದರೆ ದಾರಿ ತಪ್ಪುತ್ತದೆ, ಆದರೆ ಹಲವು ಕಡೆ ಇದನ್ನು ಕೇಳುವವರೇ ಇಲ್ಲ. ಏರ್ ಫಿಲ್ಟರಿಗೂ ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಗೂ ನಡುವಿನ ಪೈಪಿನಲ್ಲಿ ಗಾಳಿಯ ಹರಿವನ್ನೇ ಅಳೆಯುವ ಮಾಫ್ ಸೆನ್ಸರ್ ಇದ್ದರೆ, ಅದನ್ನು ದಾಟಿದ ಮೇಲೆ ಇಂಜಿನಿನ ಕಡೆಗೆ ಎಲ್ಲಿ ಗಾಳಿ ಸೋರಿ ಒಳನುಗ್ಗಿದರೂ ಅದು ಲೆಕ್ಕಕ್ಕೆ ಸಿಗದೆ ಮಿಶ್ರಣ ತೆಳುವಾಗುತ್ತದೆ. ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಅಂಕಿ (ಇಸಿಎಂ ಪೆಟ್ರೋಲನ್ನು ಎಷ್ಟು ಹೆಚ್ಚಿಸಿದೆ ಎಂಬ ಲೆಕ್ಕ) ಐಡ್ಲಿಂಗಿನಲ್ಲಿ ಶೇಕಡ 20ರ ಆಸುಪಾಸಿನಲ್ಲಿದ್ದು, 2,500 ಆರ್‌ಪಿಎಂಗೆ ರೇಸ್ ಕೊಟ್ಟು ಹಿಡಿದಾಗ ಶೇಕಡ 5ರತ್ತ ಇಳಿದರೆ ಅದು ಸೋರಿಕೆಯ ಗುರುತು. ಅದಕ್ಕೆ ವಿರುದ್ಧವಾಗಿ ರೇಸ್ ಕೊಟ್ಟಷ್ಟೂ ಆ ಅಂಕಿ ಏರಿದರೆ ಪೆಟ್ರೋಲ್ ಪಂಪ್ ಸೋತಿದೆ, ಫಿಲ್ಟರ್ ಕಟ್ಟಿದೆ ಅಥವಾ ಮಾಫ್ ಸೆನ್ಸರಿಗೆ ಕೊಳೆ ಹಿಡಿದಿದೆ.

ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಮಾಫ್ ಇರುವುದಿಲ್ಲ, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಸೋರಿ ಬಂದ ಗಾಳಿಯನ್ನೂ ಸೆನ್ಸರ್ ಲೆಕ್ಕಕ್ಕೆ ಹಿಡಿಯುತ್ತದೆ, ಇಸಿಎಂ ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಡುತ್ತದೆ, ಆದ್ದರಿಂದ ನಾಲ್ಕೂ ಸಿಲಿಂಡರುಗಳಿಗೆ ಸಮನಾಗಿ ತಗಲುವ ಸೋರಿಕೆಯಿದ್ದರೆ ಐಡ್ಲಿಂಗ್ ವೇಗ ಏರಬೇಕು. ನಿಮ್ಮಲ್ಲಿ ವೇಗ ಇಳಿಯುತ್ತಿದೆ. ಹಾಗಾಗಿ ಮ್ಯಾಪ್ ಇರುವ ಕಾರಾಗಿದ್ದರೆ, ಸೋರಿಕೆ ಇದ್ದರೂ ಅದು ಎರಡನೆಯ ಸಿಲಿಂಡರಿನ ಬಾಯಿಯ ಹತ್ತಿರವೇ, ಅಂದರೆ ಅಲ್ಲಿನ ಮ್ಯಾನಿಫೋಲ್ಡ್ ಪ್ಯಾಕಿಂಗಿನಲ್ಲಿ ಅಥವಾ ಇಂಜೆಕ್ಟರಿನ ರಬ್ಬರ್ ಉಂಗುರದಲ್ಲಿ ಇರಬೇಕು. ತಣ್ಣಗಿರುವಾಗ ಸಂದು ಬಿಡುವ ಹಳೆಯ ಪ್ಯಾಕಿಂಗ್ ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುವುದೂ ಉಂಟು. ಮ್ಯಾಪ್ ಸೆನ್ಸರ್ ಸರಿಯಿದೆಯೇ ಎಂದು ತಿಳಿಯಲು ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಓದಿ: ಸಮುದ್ರಮಟ್ಟದ ಉಡುಪಿಯಲ್ಲಿ ಅದು ಸುಮಾರು 100 ಕಿಲೋಪಾಸ್ಕಲ್ ತೋರಿಸಬೇಕು, ಅದೇ ಕಾರು ಆಗುಂಬೆಯ ಮೇಲೆ ನಿಂತಿದ್ದರೆ 94ರ ಆಸುಪಾಸು. ಬಿಸಿಯಾದ ಇಂಜಿನ್ ಐಡ್ಲಿಂಗಿನಲ್ಲಿ 30ರಿಂದ 40ರ ನಡುವೆ ಇದ್ದರೆ ಚೆನ್ನ. ಸೋರಿಕೆ ಹುಡುಕಲು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುವ ರೂಢಿ ಇದೆ. ಹೊಗೆ ಹೊರಹೋಗುವ ಕಡೆಯ ಕಾದ ಮ್ಯಾನಿಫೋಲ್ಡಿನ ಮೇಲೆ ಅದು ಬೆಂಕಿ ಹಿಡಿಯಬಲ್ಲದಾದ್ದರಿಂದ ಮನೆಯಲ್ಲಿ ಯಾರೂ ಮಾಡಬಾರದು. ಹೊಗೆ ಹಾಯಿಸಿ ಪರೀಕ್ಷಿಸುವ ಯಂತ್ರವಿರುವ ಗ್ಯಾರೇಜಿಗೆ ಹೋಗಿ.

ಅಲ್ಲಿಯೂ ಏನೂ ಸಿಗದಿದ್ದರೆ ಎರಡನೆಯ ಇಂಜೆಕ್ಟರ್ ಉಳಿಯುತ್ತದೆ. ಅದರ ವಿದ್ಯುತ್ ರೋಧ ಸಾಮಾನ್ಯವಾಗಿ 12ರಿಂದ 16 ಓಮ್ ಇರಬೇಕು, ಮತ್ತು ಉಳಿದ ಮೂರರೊಂದಿಗೆ ಹೊಂದಬೇಕು. ಕೊನೆಗೆ ಕಂಪ್ರೆಷನ್ ಪರೀಕ್ಷೆ, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮಲ್ಪಡುತ್ತದೆ ಎಂಬ ಅಳತೆ. ಅದರ ವಿವರವನ್ನು ಮುಂದಿನ ಉತ್ತರದಲ್ಲಿ ಕೊಟ್ಟಿದ್ದೇನೆ. ಥ್ರಾಟಲ್ ಬಾಡಿಯ ಕೊಳೆಯೂ ಎ.ಸಿ. ಹಾಕಿದಾಗ ಆರ್‌ಪಿಎಂ ಬೀಳಲು ಕಾರಣವಾಗುತ್ತದೆ, ಹೇಗೂ ಅದನ್ನು ಸ್ವಚ್ಛ ಮಾಡಿಸಿ. ಆದರೆ ವಿದ್ಯುನ್ಮಾನ ಥ್ರಾಟಲ್ ಇದ್ದರೆ ಅದರ ತಟ್ಟೆಯನ್ನು ಬೆರಳಿನಿಂದ ತಳ್ಳಬಾರದು, ಮತ್ತು ಸ್ವಚ್ಛ ಮಾಡಿದ ಬಳಿಕ ಐಡ್ಲಿಂಗನ್ನು ಇಸಿಎಂಗೆ ಹೊಸದಾಗಿ ಕಲಿಸಬೇಕಾಗಬಹುದು.

ನೀವೇ ಮಾಡಬಹುದಾದ ಇನ್ನೊಂದು ಸುಲಭ ಪರೀಕ್ಷೆಯನ್ನು ಹೇಳುತ್ತೇನೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಕೀ ಆನ್ ಮಾಡಿ ಕೂಲಂಟಿನ ಉಷ್ಣತೆಯನ್ನೂ ಒಳಸೇರುವ ಗಾಳಿಯ ಉಷ್ಣತೆಯನ್ನೂ ಸ್ಕ್ಯಾನರಿನಲ್ಲಿ ಓದಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿರಬೇಕು, ಹೊರಗಿನ ಹವೆಗೂ ಹೊಂದಬೇಕು. ಗಾಳಿ 26 ಡಿಗ್ರಿ, ಕೂಲಂಟ್ 60 ಎಂದು ತೋರಿಸಿದರೆ ಇಂಜಿನ್ ಬಿಸಿಯಾಗಿದೆ ಎಂದು ನಂಬಿದ ಇಸಿಎಂ ಬೆಳಗಿನ ಸ್ಟಾರ್ಟಿಗೆ ಬೇಕಾದಷ್ಟು ಪೆಟ್ರೋಲ್ ಕೊಡುವುದಿಲ್ಲ.

ಇಸಿಎಂ ಬಗ್ಗೆ: ಅದನ್ನು ಸಂಶಯಿಸುವ ಮೊದಲು ಅದಕ್ಕೆ ಬರುವ ವಿದ್ಯುತ್ತನ್ನೂ ಅರ್ಥ್ ತಂತಿಯನ್ನೂ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ 13.5ರಿಂದ 14.5ರ ನಡುವೆ ಇರಬೇಕು. ಹೆಡ್‌ಲೈಟ್ ಮತ್ತು ಎ.ಸಿ. ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಇಂಜಿನಿನ ಬರಿಯ ಲೋಹಕ್ಕೂ ಹಿಡಿದರೆ 0.1 ವೋಲ್ಟಿಗಿಂತ ಹೆಚ್ಚು ತೋರಬಾರದು. ಹೆಚ್ಚು ತೋರಿದರೆ ಅರ್ಥ್ ತಂತಿಯ ಬುಡಕ್ಕೆ ತುಕ್ಕು ಹಿಡಿದಿದೆ, ಬಿಚ್ಚಿ ಉಜ್ಜಿ ಕೂರಿಸಿದರೆ ಆಯಿತು. ಸಮುದ್ರದ ಬದಿಯ ಕಾರುಗಳಲ್ಲಿ ಇದು ಅಪರೂಪವಲ್ಲ.

ಇ20 ಪೆಟ್ರೋಲಿನ ಬಗ್ಗೆ ನಿಮ್ಮ ನೆರೆಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬರಿಯ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಪಟ್ಟು ಸಾಕು. ಶೇಕಡ 20 ಎಥನಾಲ್ ಬೆರೆತಾಗ ಅದೇ ಗಾಳಿಗೆ ಬರಿಯ ಪೆಟ್ರೋಲಿಗಿಂತ ಶೇಕಡ 8ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಆಕ್ಸಿಜನ್ ಸೆನ್ಸರಿರುವ ಕಾರು ಇದನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ, ಇಷ್ಟರಿಂದಲೇ ದೀಪ ಹತ್ತುವುದಿಲ್ಲ. ಆದರೆ ಪಿ0171 ಬರಲು ಸಾಮಾನ್ಯವಾಗಿ ಶೇಕಡ 20–25ರ ಹೆಚ್ಚಳ ಬೇಕಾಗಿದ್ದಲ್ಲಿ, ಅದರ ಒಂದು ಪಾಲು ಇಂಧನದಿಂದಲೇ ತುಂಬಿಹೋಗಿರುವುದರಿಂದ, ಮೊದಲು ಗಮನಕ್ಕೆ ಬಾರದಷ್ಟು ಸಣ್ಣ ಸೋರಿಕೆಯೂ ಈಗ ದೀಪವನ್ನು ಹತ್ತಿಸಬಹುದು. ಹಳೆಯ ರಬ್ಬರ್ ಹೋಸುಗಳು ಎಥನಾಲಿಗೆ ಮೆತ್ತಗಾಗುವ ಸಾಧ್ಯತೆಯೂ ಇದೆ. ಪೆಟ್ರೋಲ್ ಹೋಸುಗಳನ್ನು ಮುಟ್ಟಿ ನೋಡಿ, ಅಂಟುವಂತಿದ್ದರೆ ಬದಲಿಸಿ. ಒಂದೇ ಸಿಲಿಂಡರ್ ಮಿಸ್ ಆಗುವುದಕ್ಕೆ ಮಾತ್ರ ಟ್ಯಾಂಕಿನಲ್ಲಿರುವ ಇಂಧನ ಕಾರಣವಾಗಲಾರದು, ಏಕೆಂದರೆ ನಾಲ್ಕಕ್ಕೂ ಹೋಗುವುದು ಅದೇ ಇಂಧನ.

ದುರಸ್ತಿಯಾದ ಮೇಲೆ ದೀಪ ಕೂಡಲೇ ಆರದಿದ್ದರೆ ಗಾಬರಿ ಬೇಡ. ತಪ್ಪಿಲ್ಲದ ಮೂರು ಓಟಗಳನ್ನು ಸಾಲಾಗಿ ಕಂಡ ಬಳಿಕ ಇಸಿಎಂ ತಾನೇ ಅದನ್ನು ಆರಿಸುತ್ತದೆ.

ಪ್ರಶ್ನೆ: ನಮ್ಮದು 2007ರ ಪೆಟ್ರೋಲ್ ಕಾರು, ಕೆಲವು ವರ್ಷ ಎಲ್‌ಪಿಜಿ ಕಿಟ್ ಹಾಕಿ ಓಡಿಸಿದ್ದೇವೆ. ಈಗ ಬಿಸಿಯಾದ ಮೇಲೆಯೇ ಐಡ್ಲಿಂಗ್ ಕೆಡುತ್ತದೆ, ಪಂಪ್‌ವೆಲ್‌ನಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಂಡರೆ ಒಂದೆರಡು ಸಲ ಬಂದ್ ಆಗಿಯೇ ಹೋಗುತ್ತದೆ. ಓಡುವಾಗ ಏನೂ ತೊಂದರೆಯಿಲ್ಲ. ಸಾಮಾನ್ಯ ಸ್ಕ್ಯಾನರ್ ಇದಕ್ಕೆ ಕನೆಕ್ಟ್ ಆಗುವುದಿಲ್ಲವಂತೆ. ಹೊಗೆ ತಪಾಸಣೆಯಲ್ಲಿ ಸಿ.ಒ. (ಕಾರ್ಬನ್ ಮಾನಾಕ್ಸೈಡ್) 0.2, ಎಚ್.ಸಿ. (ಹೈಡ್ರೋಕಾರ್ಬನ್) 1,150 ಎಂದು ಬಂದು ಫೇಲ್ ಆಯಿತು. ಸ್ಕ್ಯಾನ್ ಮಾಡಲಾಗದಿದ್ದರೆ ತಪ್ಪನ್ನು ಹುಡುಕುವುದು ಹೇಗೆ?
ಓದುಗರು, ಕಂಕನಾಡಿ, ಮಂಗಳೂರು

ಉತ್ತರ: ನಮ್ಮಲ್ಲಿ ಬಿಎಸ್-4 ಹೊಗೆ ಮಾನದಂಡದ ಕಾರುಗಳಿಗೆ, ಇಂಜಿನಿನ ತಪ್ಪನ್ನು ಕಾರೇ ಪತ್ತೆಹಚ್ಚಿ ಕೋಡ್ ಆಗಿ ದಾಖಲಿಸುವ ಒಬಿಡಿ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲ್‌ನಿಂದಲೂ ಎರಡನೆಯ ಹಂತ 2013ರ ಏಪ್ರಿಲ್‌ನಿಂದಲೂ ಕಡ್ಡಾಯವಾದವು. ಅದಕ್ಕೂ ಹಿಂದಿನ ಕಾರುಗಳಲ್ಲಿ ಕಂಪೆನಿಯ ಸ್ವಂತ ಸ್ಕ್ಯಾನರ್ ಮಾತ್ರ ಕೆಲಸ ಮಾಡುವುದು ಹೆಚ್ಚು. ಆದರೆ ನಿಮ್ಮ ಕೈಯಲ್ಲಿರುವ ಹೊಗೆ ತಪಾಸಣೆಯ ಚೀಟಿಯೇ ಒಂದು ಒಳ್ಳೆಯ ರೋಗಪತ್ತೆ. ಫೇಲ್ ಆಯಿತೆಂದು ಅದನ್ನು ಎಸೆಯದೆ ಅಂಕಿಗಳ ಸಹಿತ ಬರೆದು ಕಳುಹಿಸಿದ್ದಕ್ಕೆ ಸಂತೋಷ.

ನಿಮ್ಮ ಕಾರಿನ ತಲೆಮಾರಿಗೆ ಮಿತಿ ಸಿ.ಒ. ಶೇಕಡ 0.5, ಎಚ್.ಸಿ. 750 ಪಿಪಿಎಂ. ಸಿ.ಒ. ಏರುವುದು ಪೆಟ್ರೋಲ್ ಹೆಚ್ಚಾಗಿ ಅರೆಬರೆ ಉರಿದಾಗ, ಎಚ್.ಸಿ. ಏರುವುದು ಪೆಟ್ರೋಲ್ ಉರಿಯದೆ ಹಾಗೆಯೇ ಹೊರಬಿದ್ದಾಗ. ನಿಮ್ಮಲ್ಲಿ ಸಿ.ಒ. ಮಿತಿಯೊಳಗಿದ್ದು ಎಚ್.ಸಿ. ಮಾತ್ರ ಹೆಚ್ಚಿದೆ. ಆದ್ದರಿಂದ ಮಿಶ್ರಣ ದಟ್ಟವಾಗಿಲ್ಲ, ಒಂದು ಸಿಲಿಂಡರಿನಲ್ಲಿ ದಹನ ತಪ್ಪುತ್ತಿದೆ. ಹೊಗೆ ಕಡಿಮೆ ಮಾಡುತ್ತೇವೆ ಎಂದು ಯಾರಾದರೂ ಪೆಟ್ರೋಲ್ ಕಡಿಮೆ ಮಾಡಲು ಹೊರಟರೆ ಮಿಸ್ಸಿಂಗ್ ಇನ್ನಷ್ಟು ಹೆಚ್ಚುತ್ತದೆ.

ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಕೆಟ್ಟದ್ದು, ಓಡುವಾಗ ಮತ್ತೆ ಸರಿ, ಜೊತೆಗೆ ಎಲ್‌ಪಿಜಿಯ ಇತಿಹಾಸ: ಈ ನಾಲ್ಕೂ ಕೂಡಿದರೆ ನಾನು ಮೊದಲು ವಾಲ್ವುಗಳನ್ನು ಒತ್ತಿ ತೆರೆಯುವ ಟ್ಯಾಪೆಟ್ ನೋಡಿಸುತ್ತೇನೆ. ಒಣ ಅನಿಲದಲ್ಲಿ ಓಡಿದ ಇಂಜಿನಿನಲ್ಲಿ ವಾಲ್ವ್ ಕೂರುವ ಸೀಟು ಬೇಗ ಸವೆಯುತ್ತದೆ. ಸೀಟು ಸವೆದಷ್ಟೂ ವಾಲ್ವ್ ಒಳಕ್ಕೆ ಸರಿದು ಟ್ಯಾಪೆಟ್ಟಿನ ಸಂದು ಕಿರಿದಾಗುತ್ತದೆ. ಬಿಸಿಗೆ ವಾಲ್ವ್ ಉದ್ದವಾದಾಗ ಆ ಸಂದು ಪೂರ್ತಿ ಮುಗಿದು ವಾಲ್ವ್ ಮುಚ್ಚಿಕೊಳ್ಳದೆ ಉಳಿಯುತ್ತದೆ. ನಿಧಾನ ವೇಗದಲ್ಲಿ ಕಂಪ್ರೆಷನ್ ಸೋರಿಹೋಗಲು ಸಮಯ ಸಿಗುವುದರಿಂದ ನಡುಕ ಐಡ್ಲಿಂಗಿನಲ್ಲೇ ಕಾಣುತ್ತದೆ. ಟ್ಯಾಪೆಟ್ ಶಬ್ದ ಬರುತ್ತಿಲ್ಲವಲ್ಲ ಎಂದು ಮೆಕ್ಯಾನಿಕ್ ಹೇಳಬಹುದು. ಸಂದು ಕಿರಿದಾದ ಟ್ಯಾಪೆಟ್ ಶಬ್ದ ಮಾಡುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಸಂದು ಅಳೆಯುವ ಫೀಲರ್ ಗೇಜ್ ಹಿಡಿದು, ಕಂಪೆನಿಯ ಪುಸ್ತಕದಲ್ಲಿ ಕೊಟ್ಟ ಅಳತೆಗೆ, ಅದು ತಣ್ಣನೆಯ ಇಂಜಿನಿನ ಅಳತೆಯೋ ಬಿಸಿಯದ್ದೋ ಎಂದು ನೋಡಿಕೊಂಡು ಹೊಂದಿಸಲಿ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನಿಗೆ ಈ ಹೊಂದಾಣಿಕೆ ಅನ್ವಯಿಸುವುದಿಲ್ಲ.

ಅದರ ಜೊತೆಗೆ ಕಂಪ್ರೆಷನ್ ಪರೀಕ್ಷೆಯನ್ನೂ ಮಾಡಿಸಿ. ಇಂಜಿನ್ ಬಿಸಿಯಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಕಿಡಿ ಮತ್ತು ಪೆಟ್ರೋಲನ್ನು ಕಡಿದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಆಕ್ಸಿಲರೇಟರ್ ಒತ್ತದೆ ಪರೀಕ್ಷಿಸಿ ಇಂಜಿನ್ ಮುಗಿಯಿತು ಎಂದು ಹೇಳಿಬಿಡುವುದುಂಟು. ಇಂಥ ಇಂಜಿನಿನಲ್ಲಿ 10ರಿಂದ 13 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡ ಬರುವುದು ಸಾಮಾನ್ಯ. ನಾಲ್ಕರ ನಡುವಿನ ಅಂತರ ಒಂದು ಕೆಜಿಯನ್ನು ದಾಟಬಾರದು. ಒಂದು ಸಿಲಿಂಡರ್ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಿರಿ: ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಟ್ಯಾಪೆಟ್ ಹೊಂದಿಸಿದ ಮೇಲೂ ವಾಲ್ವ್ ಸೋರುತ್ತಿದ್ದರೆ ಹೆಡ್ ಬಿಚ್ಚಬೇಕಾಗುತ್ತದೆ. ಆ ಖರ್ಚಿಗೆ ಇಳಿಯುವ ಮೊದಲು, ಹದಿನೈದು ವರ್ಷ ದಾಟಿದ ನಿಮ್ಮ ಕಾರಿನ ನೋಂದಣಿ ಎಂದಿನವರೆಗೆ ನವೀಕರಣವಾಗಿದೆ, ಅಡಿಭಾಗಕ್ಕೆ ತುಕ್ಕು ಎಷ್ಟು ಹಿಡಿದಿದೆ ಎಂಬುದನ್ನು ನೋಡಿಕೊಂಡು ತೀರ್ಮಾನಿಸಿ.

ಪ್ರಶ್ನೆ: ಮಗಳ ಓಡಾಟಕ್ಕೆ 2015ರ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡಿದ್ದೇವೆ. ಐಡ್ಲಿಂಗಿನಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಆದರೆ ಯಾವ ದೀಪವೂ ಉರಿಯುವುದಿಲ್ಲ. ದೀಪವಿಲ್ಲದ ಮೇಲೆ ದೊಡ್ಡ ತಪ್ಪಿಲ್ಲ ಎನ್ನಬಹುದೇ?
ಓದುಗರು, ಸುರತ್ಕಲ್

ಉತ್ತರ: ಹಾಗೆನ್ನಲು ಆಗದು. ಮೊದಲು ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಡ್ಯಾಶ್‌ಬೋರ್ಡ್ ನೋಡಿ. ಆಗ ಚೆಕ್ ಇಂಜಿನ್ ದೀಪ ಉರಿಯಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಉರಿಯದಿದ್ದರೆ ಬಲ್ಬನ್ನೇ ತೆಗೆದಿರಬಹುದು. ಉರಿದು ಆರಿದರೂ ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರುಗಳು (ಇಸಿಎಂ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ಪೂರ್ಣಗೊಂಡಿವೆಯೇ, ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಎರಡು ಅಂಕಿಗಳನ್ನು ಕೇಳಿ. ಮಾನಿಟರುಗಳು ಅಪೂರ್ಣವಾಗಿದ್ದು ಕಿಲೋಮೀಟರ್ ಕೆಲವೇ ಇದ್ದರೆ ನಿಮಗೆ ತೋರಿಸುವ ಮುನ್ನ ಯಾರೋ ಕೋಡ್ ಅಳಿಸಿದ್ದಾರೆ, ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಸುರತ್ಕಲ್‌ನಿಂದ ಪಡುಬಿದ್ರಿಯವರೆಗೆ ಹೆದ್ದಾರಿಯಲ್ಲಿ ಹೋಗಿ ಬಂದು, ಮರುದಿನ ತಣ್ಣನೆಯ ಸ್ಟಾರ್ಟ್ ಆದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಆ ಕಾರನ್ನು ಕೊಳ್ಳಬೇಡಿ.

ಇಷ್ಟೆಲ್ಲ ಸರಿಯಿದ್ದೂ ನಡುಗುತ್ತಿದ್ದರೆ ಸೈಲೆನ್ಸರಿನ ಹತ್ತಿರ ನಿಂತು ಕಿವಿಗೊಡಿ. ಹೊಗೆಯ ಬಡಿತ ಒಂದೇ ಸಮನಾಗಿದ್ದು, ಆರ್‌ಪಿಎಂ ಮುಳ್ಳು ಅಲುಗಾಡದೆ ನಿಂತಿದ್ದು, ಕ್ಯಾಬಿನ್ ಮಾತ್ರ ನಡುಗುತ್ತಿದ್ದರೆ ಇಂಜಿನಿನಲ್ಲಿ ತಪ್ಪಿಲ್ಲ, ಅದನ್ನು ಹೊತ್ತ ಮೌಂಟಿಂಗಿನ ರಬ್ಬರ್ ಹರಿದಿದೆ. ಅದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಕೇಳಬಹುದು.

ಪ್ರಶ್ನೆ: ಚೆಕ್ ಇಂಜಿನ್ ದೀಪ ಉರಿಯುತ್ತಿರುವಾಗಲೇ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಬಹುದೇ?
ಓದುಗರು, ಕಾರ್ಕಳ

ಉತ್ತರ: ದೀಪ ಸ್ಥಿರವಾಗಿ ಉರಿಯುತ್ತಿದ್ದು, ಇಂಜಿನಿನ ಎಳೆತ ಎಂದಿನಂತಿದ್ದು, ಉಷ್ಣತೆಯ ಮುಳ್ಳು ಮತ್ತು ಆಯಿಲ್ ದೀಪ ಸರಿಯಿದ್ದರೆ ಊರೊಳಗಿನ ಗ್ಯಾರೇಜಿನವರೆಗೆ ಓಡಿಸಬಹುದು. ಘಾಟಿಯ ಪ್ರಯಾಣವನ್ನು ಕೋಡ್ ಓದಿಸಿದ ಮೇಲೆ ನಿರ್ಧರಿಸಿ. ದೀಪ ಮಿನುಗುತ್ತಿದ್ದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದು ಅದರ ಅರ್ಥ, ಏರು ದಾರಿಯಲ್ಲಿ ಅದು ಇನ್ನೂ ವೇಗವಾಗಿ ಕಾಯುತ್ತದೆ. ಒಳಗಿನ ಪಿಂಗಾಣಿಯ ಜಾಲರಿ ಕರಗಿ ಕಟ್ಟಿಕೊಂಡರೆ, ಒಂದು ಕಾಯಿಲ್‌ಗೆ ಮುಗಿಯಬಹುದಾಗಿದ್ದ ಖರ್ಚು ಹಲವು ಪಟ್ಟಾಗುತ್ತದೆ. ನಿಲ್ಲಿಸುವಾಗ ಒಣ ಹುಲ್ಲು ಅಥವಾ ತರಗೆಲೆಯ ರಾಶಿಯ ಮೇಲೆ ನಿಲ್ಲಿಸಬೇಡಿ, ಕಾದ ಕನ್ವರ್ಟರಿನಿಂದ ಅದಕ್ಕೆ ಬೆಂಕಿ ಹತ್ತಬಹುದು. ಅಲ್ಲಿಂದ ಮುಂದೆ ಟೋಯಿಂಗ್ ಗಾಡಿ ಕರೆಸಿ.